ಇಪ್ಪತ್ತೊಂದನೇ ಜೋಡಿ

ಮೇಡಂ ಅವರ ಬಲಗೈ ಬೆರಳುಗಳ ತುದಿ ಸದಾ ಕೆಂಪಗಿರುತ್ತಿತ್ತು. ಮೆಹಂದಿಯಲ್ಲ, ಕುಂಕುಮವೂ ಅಲ್ಲ. ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು, ಅದಕ್ಕೆ ಬಣ್ಣ ಹಾಕಿ, ಹೆಬ್ಬೆರಳಿನಿಂದ ಒತ್ತಿ ಮೈಕ್ರೋಸ್ಕೋಪಿಗೆ ಸಿದ್ಧ ಮಾಡುವಾಗ ಹತ್ತುತ್ತಿದ್ದ ಕಲೆ ಅದು. ಸೋಪಿಗೂ ಹೋಗದು, ಹುಣಿಸೆಹಣ್ಣಿಗೂ ಹೋಗದು. ಮದುವೆಯಾಗದ ಹೆಂಗಸು ಬೆರಳಿಗೆ ಬಣ್ಣ ಹಚ್ಚಿಕೊಂಡು ತಿರುಗುತ್ತಾಳೆ ಅಂತ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಒಂದಿಬ್ಬರು ಆಡಿಕೊಂಡರು. ಮಾತು ಮೇಡಂ ಕಿವಿಗೆ ಬಿತ್ತು. ಮಾರನೆಯ ದಿನದಿಂದ ಅದೇ ಬೆರಳುಗಳನ್ನು ಎಲ್ಲರಿಗೂ ಕಾಣುವ ಹಾಗೆ ಆಡಿಸಿಕೊಂಡು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡತೊಡಗಿದರು.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವರು ಊರಿಗೆಲ್ಲ ಬಯಾಲಜಿ ಮೇಡಂ. ನಮಗೆ ಪಕ್ಕದ ಮನೆಯವರು; ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಅವರ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟಗಳ ಸಾಲು, ಪ್ರತಿ ಲೋಟದ ಬಾಯಿಗೂ ಒಂದೊಂದು ಈರುಳ್ಳಿ, ಬೇರು ನೀರಿನೊಳಗೆ. ಪಾಠಕ್ಕೆ ಬೇಕಾದ ಬೇರುಗಳನ್ನು ಹಾಗೆ ಬೆಳೆಸುತ್ತಿದ್ದರು. ಆ ಲೋಟಗಳನ್ನು ತೊಳೆದು ಹೊಸ ನೀರು ತುಂಬುವ ಕೆಲಸ ನನ್ನ ತಮ್ಮ ಮಂಜನದು. ಬೇರೆ ಯಾರಾದರೂ ಮುಟ್ಟಿದರೆ ಮೇಡಂ ಬೈಯುತ್ತಿದ್ದರು. "ನನ್ನ ಲ್ಯಾಬ್ ಅಟೆಂಡರು ಇದ್ದಾನೆ, ನೀನ್ಯಾರಮ್ಮ?" ಅಂತ ನನಗೇ ಅಂದಿದ್ದಾರೆ.

ಮಂಜ ನನಗಿಂತ ಐದು ವರ್ಷ ಚಿಕ್ಕವನು. ಕಣ್ಣು ಸ್ವಲ್ಪ ಮೇಲಕ್ಕೆ ಓರೆ, ಬೆರಳು ಗಿಡ್ಡ, ಮಾತು ನಿಧಾನ. ಯಾವ ಕೆಲಸ ಕೊಟ್ಟರೂ ಹೊತ್ತು ಹಿಡಿಯುತ್ತಾನೆ, ಆದರೆ ಮುಗಿಸದೆ ಏಳುವುದಿಲ್ಲ. ಊರವರು ಅವನಿಗಿಟ್ಟಿದ್ದ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈಗಲೂ ಯಾರ ಮನೆ ಮುಂದಾದರೂ ನಿಂತು ಜಗಳ ಆಡಬೇಕು ಅನ್ನಿಸುತ್ತದೆ. ಮನೆಯೊಳಗೂ ಒಂದು ಮಾತಿತ್ತು. ಅವ್ವ ಅವನನ್ನು ಹೊತ್ತಿದ್ದಾಗ ಗ್ರಹಣದ ಹೊತ್ತಿನಲ್ಲಿ ಮರೆತು ಸೋರೆಕಾಯಿ ಹೆಚ್ಚಿದ್ದಳಂತೆ. ಬಸುರಿ ಗ್ರಹಣದಲ್ಲಿ ಕತ್ತಿ ಹಿಡಿದದ್ದರಿಂದಲೇ ಮಗು ಹೀಗಾಯಿತು ಅಂತ ಅಜ್ಜಿ ಸಾಯುವ ತನಕ ಹೇಳಿದಳು. ಅವ್ವ ನಂಬಿದ್ದಳು. ನಮ್ಮ ಮನೆಯಲ್ಲಿ ಸೋರೆಕಾಯಿ ಸಾಂಬಾರು ಮಾಡಿದ್ದೇ ನನಗೆ ನೆನಪಿಲ್ಲ.

ಎರಡನೇ ಪಿಯುಸಿಯಲ್ಲಿ ಆ ಪಾಠ ಬಂದ ದಿನ ನಾನು ಬೆಂಚಿನಲ್ಲಿ ಬೆವೆತು ಕೂತಿದ್ದೆ. ಕ್ಲಾಸಿಗೆಲ್ಲ ಮಂಜ ಗೊತ್ತು. ಪುಸ್ತಕದಲ್ಲಿ ಅವನ ಹಾಗೇ ಕಾಣುವ ಒಂದು ಮಗುವಿನ ಚಿತ್ರವೂ ಇತ್ತು. ಮೇಡಂ ಒಳಗೆ ಬಂದವರೇ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಸುಲಿದು, ಅರ್ಧ ಮುರಿದು ಎಲ್ಲರಿಗೂ ತೋರಿಸಿದರು.

"ಬೀಜ ಕಾಣುತ್ತಾ? ಇಲ್ಲ. ಯಾಕಂದ್ರೆ ನಾವು ತಿನ್ನೋ ಬಾಳೇಲಿ ಕ್ರೋಮೋಸೋಮುಗಳ ಇಡೀ ಸೆಟ್ಟೇ ಎರಡರ ಬದಲು ಮೂರಿದೆ. ಅದು ಟ್ರಿಪ್ಲಾಯ್ಡ್. ಈಗ ಹೇಳೋದು ಬೇರೆ. ಸೆಟ್ಟೆಲ್ಲ ಸರಿಯಾಗಿದೆ, ಒಂದೇ ಒಂದು ಜೋಡಿ ಹತ್ತಿರ ಮಾತ್ರ ಎರಡರ ಬದಲು ಮೂರು. ಅದು ಟ್ರೈಸೋಮಿ. ಇವೆರಡನ್ನ ಕಲಸಿ ಬರೆದವರಿಗೆ ಸೊನ್ನೆ."

ಹಿಂದಿನ ಬೆಂಚಿನಿಂದ ಒಬ್ಬ, "ಮೇಡಂ, ಅಂಗಾರೆ ನಮ್ ಮಂಜ ಟ್ರೈಸೋಮಿನಾ?" ಅಂದ. ನಾಕಾರು ಜನ ನಕ್ಕರು. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

ಮೇಡಂ ನನ್ನ ಕಡೆ ನೋಡಲೇ ಇಲ್ಲ. ಉಳಿದ ಬಾಳೆಹಣ್ಣನ್ನು ನಿಧಾನವಾಗಿ ತಿಂದು, ಸಿಪ್ಪೆಯನ್ನು ಅವನ ಡೆಸ್ಕಿನ ಮೇಲಿಟ್ಟರು. "ಟ್ರೈಸೋಮಿ ಅನ್ನೋದು ಕ್ರೋಮೋಸೋಮಿಗೆ ಹೇಳೋ ಮಾತು. ಮನುಷ್ಯರಿಗೆ ಹೆಸರಿರುತ್ತೆ. ಉತ್ತರ ಪತ್ರಿಕೇಲಿ ಟ್ರೈಸೋಮಿ, ಬೀದೀಲಿ ಮಂಜ. ತಿಳೀತಾ? ಈಗ ಸಿಪ್ಪೆ ಹೊರಗೆ ಹಾಕಿ ಬಾ." ಅವನು ಎದ್ದು ಹೋಗಿ ಹಾಕಿ ಬಂದ.

ಆ ವರ್ಷವೇ ಮೇಡಂ ನಮ್ಮಪ್ಪನ ಹಿಂದೆ ಬಿದ್ದು, ಮಂಜನನ್ನೂ ಅವ್ವನನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದರು. ಹೀಗೆ ಎರಡರ ಬದಲು ಮೂರು ಬರುವುದರಲ್ಲೂ ಬಗೆಗಳಿವೆ, ಅಪರೂಪಕ್ಕೆ ಒಂದು ಬಗೆ ವಂಶದಲ್ಲಿ ಇಳಿದು ಬರಬಹುದು, ಇವನದು ಯಾವುದು ಅಂತ ತಿಳಿಯಲೇಬೇಕು ಅಂತ ಅವರ ಹಟ. ಇವನದು ಆ ಬಗೆಯಲ್ಲ ಅಂತ ಬಂತು. ಡಾಕ್ಟರು ಹೇಳಿದ್ದು ಅವ್ವನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಮರುದಿನ ಮೇಡಂ ನಮ್ಮ ಜಗುಲಿಗೆ ಬಂದು ಕೂತರು. ಅಪ್ಪನದು ತೆಂಗಿನಕಾಯಿ ವ್ಯಾಪಾರ, ಮನೆ ತುಂಬ ಜುಟ್ಟಿಗೆ ಜುಟ್ಟು ಕಟ್ಟಿದ ಜೋಡಿ ಕಾಯಿಗಳು. ಮೇಡಂ ಅವನ್ನೇ ಜಗುಲಿಯುದ್ದಕ್ಕೂ ಜೋಡಿಸಿದರು, ಇಪ್ಪತ್ತಮೂರು ಜೋಡಿ. ಆಮೇಲೆ ಇಪ್ಪತ್ತೊಂದನೇ ಜೋಡಿಯ ಪಕ್ಕ ಇನ್ನೊಂದು ಬಿಡಿಕಾಯಿ ಇಟ್ಟರು.

"ಇಷ್ಟೇ ಕಣ್ರೀ. ಅಪ್ಪಂದೊಂದು, ಅಮ್ಮಂದೊಂದು ಸೇರಿ ಜೋಡಿ. ಇಲ್ಲಿ ಒಂದು ಬಿಡಿಯಾಗದೆ ಅಂಟಿಕೊಂಡು ಜೊತೇಲೇ ಬಂದುಬಿಟ್ಟಿದೆ. ಹೆಚ್ಚಿಗೆ ಬಂದಿದೆ, ಕಮ್ಮಿ ಆಗಿಲ್ಲ."

ಅವ್ವ ಆ ಕಾಯಿಯನ್ನೇ ನೋಡುತ್ತ, "ಮತ್ತೆ ಸೋರೆಕಾಯಿ?" ಅಂದಳು.

"ಸೋರೆಕಾಯಿ ಇರೋದು ತಿನ್ನೋಕೆ. ನೀವು ಬಸುರಿ ಅಂತ ನಿಮಗೇ ಗೊತ್ತಾಗೋಕೆ ಮುಂಚೆ ಇದು ಆಗಿಹೋಗಿದೆ. ಗ್ರಹಣ ಬಂದದ್ದು ಆಮೇಲೆ. ನಿಮ್ಮ ಕೈಯಲ್ಲಿ ಏನೂ ಆಗಿಲ್ಲ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟು ವರ್ಷ ಒಬ್ಬಳೇ ನುಂಗಿಕೊಂಡಿದ್ದಳಲ್ಲ. ಮೇಡಂ ಸಮಾಧಾನ ಮಾಡುವ ಜಾತಿಯವರಲ್ಲ. ಅವ್ವ ಅತ್ತು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದು, ಆಮೇಲೆ, "ಎಲ್ಲಿ, ಈಗ ನೀವು ನನಗೆ ಹೇಳಿಕೊಡಿ ನೋಡೋಣ" ಅಂದರು. ಅವ್ವನ ಬಾಯಲ್ಲಿ ಟ್ರೈಸೋಮಿ ಅನ್ನುವ ಪದ ತಿರುಗುವ ತನಕ ಬಿಡಲಿಲ್ಲ.

ಡಿಗ್ರಿ ಮುಗಿದ ಮೇಲೆ ನನಗೆ ಗಂಡು ನೋಡಲು ಶುರು ಮಾಡಿದರು. ಗಂಡಿನವರು ಬರುವ ದಿನ ಇಂಥ ಮಕ್ಕಳನ್ನು ಮನೆಯಿಂದ ಸಾಗಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ನಾನು ಬೇಡವೆಂದು ರೇಗಿದರೂ ಅಪ್ಪ ಕೇಳಲಿಲ್ಲ. ಹಿರೀಸಾವೆ ಕಡೆಯ ಒಂದು ಸಂಬಂಧ ಒಪ್ಪಿಗೆಯಾಗಿ ತಾಂಬೂಲಕ್ಕೆ ದಿನ ಇಟ್ಟಾಗ, ಮಂಜನ ವಿಷಯ ಬಸ್ಸಿನಲ್ಲಿ ಯಾರಿಂದಲೋ ಅವರಿಗೆ ತಿಳಿದುಹೋಯಿತು. ಫೋನಿನಲ್ಲೇ ಬೈದರು. "ಇದ್ನೇ ಮುಚ್ಚಿಟ್ಟೋರು ಇನ್ನೇನೇನ್ ಮುಚ್ಚಿಟ್ಟಿದ್ದೀರೋ!" ಬೀದಿಗೆಲ್ಲ ಗೊತ್ತಾಯಿತು. ಅಪ್ಪ ಒಂದು ವಾರ ಮಂಡಿಗೆ ಹೋಗಲಿಲ್ಲ. ಇನ್ನೊಂದು ಸಂಬಂಧ ಹೀಗೇ ಮುರಿದರೆ ಈ ಹುಡುಗಿಯನ್ನು ಯಾರೂ ಕೇಳುವುದಿಲ್ಲ ಅಂತ ಅವರ ಭಯ. ನನ್ನ ಭಯ ಬೇರೆ. ಮಂಜನನ್ನು ಮುಚ್ಚಿಟ್ಟು ಮದುವೆಯಾದರೆ, ತವರಿಗೆ ಬಂದಾಗಲೆಲ್ಲ ಅವನ ಮುಖ ಹೇಗೆ ನೋಡಲಿ?

ಆಮೇಲೆ ಅರಕಲಗೂಡಿನವರು ಬಂದರು. ಹುಡುಗನದು ಗೊಬ್ಬರ, ಬೀಜದ ಅಂಗಡಿ. ತಂದೆ ಇಲ್ಲ, ತಾಯಿಯದೇ ಯಜಮಾನಿಕೆ. ಆ ಬೆಳಿಗ್ಗೆ ಅಪ್ಪ ಮಂಜನ ಕೈ ಹಿಡಿದು ಮೇಡಂ ಮನೆಗೆ ಕರೆದುಕೊಂಡು ಹೋದರು. ಹಿಂದೆಯೇ ನಾನೂ ಹೋದೆ.

"ಮೇಡಮ್ಮೋರೆ, ಮದ್ಯಾನ್ದಗಂಟ ಇವನ್ನ ಇಲ್ಲೇ ಇಟ್ಕಳಿ. ತಾಂಬೂಲ ಬದ್ಲಾಯಿಸ್ಕಂಬುಟ್ರೆ ಆಮೇಕೆ ನಾನೇ ಏಳ್ತೀನಿ."

"ಇಟ್ಕೊತೀನಿ. ಆದರೆ ಬಾಗಿಲು ಹಾಕಲ್ಲ" ಅಂದರು ಮೇಡಂ. "ಮನೆಗೆ ಹೋಗ್ತೀನಿ ಅಂದ್ರೆ ಹಿಡಿದು ನಿಲ್ಲಿಸಲ್ಲ. ಅದು ಅವನ ಮನೆ."

"ನನ್ ಮಗಳ ಬಾಳು ಕಣ್ರವ್ವಾ!"

"ಅವನೂ ನಿಮ್ಮ ಮಗನೇ ಅಲ್ವಾ?"

ಅಪ್ಪನ ಮುಖ ಕಪ್ಪಿಟ್ಟಿತು. ಬೇರೆ ದಾರಿಯಿರಲಿಲ್ಲ, ಗಂಡಿನವರ ಕಾರು ಆಗಲೇ ಬೀದಿಯ ತಿರುವಿನಲ್ಲಿತ್ತು.

ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ನಾನು ತಲೆ ತಗ್ಗಿಸಿ ಕೂತಿದ್ದೆ, ಕಿವಿ ಮಾತ್ರ ಗೋಡೆಯಾಚೆ. ಲೋಟಗಳು ತಾಗುವ ಸದ್ದು ಕೇಳುತ್ತಿತ್ತು, ನೀರು ಬದಲಾಯಿಸುತ್ತಿದ್ದಾನೆ. ಹುಡುಗನ ತಾಯಿ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಕೊನೆಗೆ, "ಒಬ್ಳೇ ಮಗಳಾ?" ಅಂದರು. ಅಪ್ಪ ಕಾಫಿ ಲೋಟ ಎತ್ತಿಕೊಂಡರು. ಲೋಟ ಖಾಲಿಯಿತ್ತು. ಆಚೆ ಸದ್ದು ನಿಂತಿತು. ಗೇಟು ಕಿರ್ರೆಂದಿತು.

ಮಂಜ ಒಳಗೆ ಬಂದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಸೀದಾ ಹುಡುಗನ ಮುಂದೆ ನಿಂತು, "ಭಾವ ಬಂದ್ರಾ? ನಾನು ಮಂಜ" ಅಂದ. ಹಿಂದೆ ಮೇಡಂ ಬಾಗಿಲಲ್ಲಿ ನಿಂತಿದ್ದರು. ಹುಡುಗ ಗಾಬರಿಯಲ್ಲಿ ಎದ್ದು ಅವನ ಒದ್ದೆ ಕೈ ಹಿಡಿದುಕೊಂಡ, ಬಿಡುವುದೋ ಬೇಡವೋ ತಿಳಿಯದೆ ಹಾಗೇ ನಿಂತ.

"ಓ..." ಅಂದರು ತಾಯಿ. ದನಿ ಗಟ್ಟಿಯಾಗಿತ್ತು. "ಇವ್ನೊಬ್ಬ ಅವ್ನೆ ಅಂತ ಏಳ್ನೇ ಇಲ್ವಲ್ಲ. ಏನ್ ಗ್ರಾಣ ಹಿಡ್ದಿತ್ತಾ?"

ನಾನು ಮೇಡಂ ಕಡೆ ನೋಡಿದೆ. ಅವರು ಅವ್ವನ ಕಡೆ ನೋಡುತ್ತಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಮ್ಮವ್ವ, ಗಂಡಸರ ಮುಂದೆ ಎಂದೂ ದನಿ ಎತ್ತದವಳು, ನಡುಮನೆಗೆ ಬಂದಳು.

"ಗ್ರಾಣ ಅಲ್ಲ ಕಣವ್ವಾ, ಟ್ರೈಸೋಮಿ" ಅಂದಳು. ತಾಂಬೂಲಕ್ಕೆಂದು ತಟ್ಟೆಯಲ್ಲಿಟ್ಟಿದ್ದ ಎರಡು ಕಾಯಿ ತೆಗೆದು ನೆಲದ ಮೇಲಿಟ್ಟಳು. ಮೂಲೆಯ ರಾಶಿಯಿಂದ ಇನ್ನೊಂದು ತಂದು ಪಕ್ಕಕ್ಕಿಟ್ಟಳು. "ನಿಮ್ಗೂ ನಮ್ಗೂ ಎಲ್ಲಾವೂ ಜೋಡಿ ಜೋಡಿ ಇರ್ತವೆ. ನನ್ ಮಗಂಗೆ ಇಪ್ಪತ್ತೊಂದ್ನೇದ್ರಾಗೆ ಇಂಗೆ ಮೂರವೆ. ನಾನು ಬಸ್ರಿ ಅಂತ ಗೊತ್ತಾಗಾಕೆ ಮುಂಚೇನೇ ಆಗೋಗದೆ. ನಾನೇನೂ ಮಾಡ್ನಿಲ್ಲ, ಅವನೂ ಏನೂ ಮಾಡ್ನಿಲ್ಲ."

ಆ ಹೆಂಗಸು ಮೂರು ಕಾಯಿಗಳನ್ನೇ ನೋಡುತ್ತ ಕೂತರು. ಮುಖದಲ್ಲಿ ಏನೂ ತಿಳಿಯಲಿಲ್ಲ. ಆಮೇಲೆ ನನ್ನ ಹೊಟ್ಟೆಯ ಕಡೆ ಕೈ ತೋರಿಸಿ, "ನಾಳೆ ಇವಳ್ಗೂ ಅಂಗೇ ಆದ್ರೆ?" ಅಂದರು.

ಎಲ್ಲರೂ ಮೇಡಂ ಕಡೆ ತಿರುಗಿದೆವು. ಅಪ್ಪನ ಕಣ್ಣು ಬೇಡುತ್ತಿತ್ತು, 'ಆಗುವುದಿಲ್ಲ' ಅಂತ ಒಂದು ಮಾತು ಹೇಳಿಬಿಡಿ ತಾಯಿ ಅಂತ. ಸುಳ್ಳು ಹೇಳಬೇಡಿ ಅಂತ ನನ್ನ ಮನಸ್ಸು, ಹೇಳಿಬಿಡಿ ಅಂತಲೂ ನನ್ನದೇ ಮನಸ್ಸು.

"ಆಗಬಹುದು" ಅಂದರು ಮೇಡಂ. "ಯಾವ ತಾಯಿಗಾದರೂ ಆಗಬಹುದು. ನಿಮ್ಮ ಹೆಣ್ಣುಮಕ್ಕಳಿಗೂ ಆಗಬಹುದು. ಇವಳು ಮಂಜನ ಅಕ್ಕ ಅನ್ನೋ ಕಾರಣಕ್ಕೆ ಆಗಲ್ಲ. ಅದನ್ನ ಪರೀಕ್ಷೆ ಮಾಡಿಸಿ ನೋಡಿದ್ದೀವಿ, ಇವನದು ವಂಶದಲ್ಲಿ ಇಳಿದು ಬರೋ ಬಗೆ ಅಲ್ಲ. ಆದರೆ ಆಗೋದೇ ಇಲ್ಲ ಅಂತ ಯಾವಳಾದರೂ ಬಯಾಲಜಿ ಮೇಡಂ ಹೇಳಿದ್ರೆ ನಂಬಬೇಡಿ."

ತಾಯಿ ಎದ್ದರು. "ಮನೇಲಿ ಮಾತಾಡಿ ಏಳ್ತೀವಿ" ಅಂದರು. ತಾಂಬೂಲ ತಟ್ಟೆಯಲ್ಲೇ ಉಳಿಯಿತು. ಕಾರು ಹೋದ ಮೇಲೆ ಅಪ್ಪ, ಬೀದಿಗೆಲ್ಲ ಕೇಳುವ ಹಾಗೆ, "ಪಾಠ ಏಳಾಕೆ ಕಾಲೇಜೈತಲ್ಲ, ನನ್ ಮನೇನೇ ಆಗ್ಬೇಕಿತ್ತಾ?" ಅಂತ ಕೂಗಿದರು. ಮೇಡಂ ಮನೆಗೆ ಹೋದರು. ಅಂದಿನಿಂದ ಮಂಜ ಆ ಮನೆಗೆ ಹೋಗಕೂಡದು ಅಂತ ಅಪ್ಪನ ಅಪ್ಪಣೆಯಾಯಿತು.

ಅರಕಲಗೂಡಿನಿಂದ ಸುದ್ದಿಯಿಲ್ಲ. ಮಂಜ ಗೋಡೆಗೆ ಕಿವಿಯಿಟ್ಟು ಕೂತು, "ಅಕ್ಕ, ನೀರು ಕೊಳೀತದೆ" ಅನ್ನುತ್ತಿದ್ದ. ಮೇಡಂ ಬಂದು ಒಂದು ಸಮಾಧಾನದ ಮಾತು ಆಡಬಾರದೇ ಅಂತ ನನಗೆ ಅವರ ಮೇಲೂ ಸಿಟ್ಟು. ಅವರು ಬರಲಿಲ್ಲ. ಆದರೆ ಕಿಟಕಿಯ ಲೋಟಗಳಿಗೆ ತಾವೂ ಕೈ ಹಾಕಿರಲಿಲ್ಲ. ಈರುಳ್ಳಿಗಳು ಅಲ್ಲೇ ಕೊಳೆಯುತ್ತ ಕೂತಿದ್ದವು, ಬೀದಿಗೆ ನಾರುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಹುಡುಗನ ತಾಯಿ ಒಬ್ಬರೇ ಬೀದಿಯಲ್ಲಿ ಬರುತ್ತಿದ್ದಾರೆ! ಅರಕಲಗೂಡಿನ ಬಸ್ಸಿಳಿದು ಬಂದವರು ನಮ್ಮ ಮನೆ ದಾಟಿ ಮೇಡಂ ಮನೆಗೆ ಹೋದರು. ಬಾಗಿಲು ಮುಚ್ಚಿತು. ನಾನೂ ಅವ್ವನೂ ಗೋಡೆಗೆ ಕಿವಿ ಕೊಟ್ಟೆವು. ಗುಜುಗುಜು ಬಿಟ್ಟರೆ ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಹೊರಗೆ ಬಂದರು, ಕಣ್ಣು ಕೆಂಪಗಿತ್ತು. ನಮ್ಮ ಬಾಗಿಲಿಗೆ ಬಂದು ಅವ್ವನಿಗೆ, "ತಾಂಬೂಲಕ್ಕೆ ದಿನ ನೋಡ್ಸಿ ಕಣವ್ವಾ" ಅಂದರು. ಕೂತು ನೀರನ್ನೂ ಕುಡಿಯದೆ ಬಸ್ಸಿಗೆ ಹೋದರು. ಆ ಸಂಜೆ ಮಂಜ ಮೇಡಂ ಕಿಟಕಿಯ ಲೋಟ ತೊಳೆಯಲು ಹೋದ, ಅಪ್ಪ ತಡೆಯಲಿಲ್ಲ.

ಒಳಗೆ ಏನಾಯಿತು ಅಂತ ಮೇಡಂ ಬಾಯಿ ಬಿಡಲಿಲ್ಲ. "ಅವರು ಕೇಳಿದ್ರು, ನಾನು ಹೇಳಿದೆ" ಅಷ್ಟೇ. ನನಗೆ ಗೊತ್ತಾದದ್ದು ಮದುವೆಯಾಗಿ ವರ್ಷಗಳಾದ ಮೇಲೆ, ನನ್ನ ಅತ್ತೆಯ ಬಾಯಿಂದಲೇ. ಅತ್ತೆಗೂ ಮಂಜನಂಥ ತಮ್ಮನಿದ್ದನಂತೆ. ಅವನನ್ನು ಹಿತ್ತಿಲ ಕೋಣೆಯಲ್ಲಿಟ್ಟು ಬೆಳೆಸಿದರಂತೆ, ಅತ್ತೆಯ ಮದುವೆಗೂ ಹೊರಗೆ ಬಿಡಲಿಲ್ಲವಂತೆ. ಅವನು ಸತ್ತದ್ದು ಗಂಡನ ಮನೆಗೆ ತಿಳಿಯಬಾರದು ಅಂತ ಅತ್ತೆ ಅಳಲೂ ಇಲ್ಲ. "ನನ್ ತಮ್ಮಂದೂ ಇದೇನಾ ಅಂತ ಕೇಳುಕ್ ಓಗಿದ್ದೆ ಕಣೆ. ನೋಡ್ದೆ ಏಳಕ್ಕಾಗಲ್ಲ, ಇರಬೋದು ಅಂದ್ರು. ಅವನ್ ಎಸ್ರೇನು ಅಂದ್ರು. ಮೂವತ್ತೊರ್ಸಾಗಿತ್ತು, ಅವನ್ ಎಸ್ರು ಬಾಯಲ್ಲಿ ಅಂದು." ಹೇಳುತ್ತ ಅತ್ತೆ ಅತ್ತರು, ನನಗೂ ಅಳು ಬಂತು.

ಮದುವೆ ಹೊಳೆನರಸೀಪುರದಲ್ಲೇ ಆಯಿತು. ಚಪ್ಪರಕ್ಕೆ ಬಂದ ಮದುಮಗನ ಕಾಲು ತೊಳೆದು ಕೈ ಹಿಡಿದು ಒಳಗೆ ಕರೆತರುವುದು ಹೆಣ್ಣಿನ ತಮ್ಮನ ಕೆಲಸ. ಅಪ್ಪ ನಮ್ಮ ಚಿಕ್ಕಪ್ಪನ ಮಗನಿಗೆ ಹೊಸ ಪಂಚೆ ಉಡಿಸಿ ಚೊಂಬು ಕೊಟ್ಟು ನಿಲ್ಲಿಸಿದ್ದರು. ಅಷ್ಟು ಜನರೆದುರು ಮಂಜ ಏನಾದರೂ ಮಾಡಿಬಿಟ್ಟರೆ ಅಂತ ಅಪ್ಪನಿಗೆ ಪುಕಪುಕ. ಮಂಜ ಹೊಸ ಅಂಗಿ ತೊಟ್ಟು ಕಂಬದ ಮರೆಯಲ್ಲಿ ನಿಂತಿದ್ದ. ಕಿಟಕಿಯಿಂದ ನೋಡುತ್ತಿದ್ದ ನನಗೆ ಮೈಯೆಲ್ಲ ಉರಿ. ಮದುವಣಗಿತ್ತಿ, ಬಾಯಿ ತೆರೆಯುವ ಹಾಗಿಲ್ಲ. ವಾಲಗ ಜೋರಾಯಿತು, ಮದುಮಗ ಮಣೆಯ ಮೇಲೆ ನಿಂತ. ಚಿಕ್ಕಪ್ಪನ ಮಗ ಬಗ್ಗಿದ.

"ತಡೀರ್ಲಾ!" ಅತ್ತೆಯ ದನಿ ವಾಲಗವನ್ನೂ ಮೀರಿ ಕೇಳಿತು. "ನನ್ ಮಗನ ಬಾಮೈದ ಎಲ್ಲವ್ನೆ? ಅವ್ನು ಬರಗಂಟ ನಾವು ಒಳೀಕ್ ಬರಾದಿಲ್ಲ."

ಅಪ್ಪ ಚೊಂಬನ್ನು ತಾವೇ ಈಸಿಕೊಂಡು ಮಂಜನ ಕೈಗೆ ಕೊಟ್ಟರು. ಮಂಜ ಕೂತು ತೊಳೆದ. ಈರುಳ್ಳಿ ಲೋಟ ತೊಳೆಯುವ ಹಾಗೆ, ಬೆರಳು ಬೆರಳಿನ ಸಂದಿಗೂ ಕೈ ಹಾಕಿ ತೊಳೆದ. ಮುಹೂರ್ತ ಮೀರುತ್ತದೆ ಅಂತ ಪುರೋಹಿತರು ಚಡಪಡಿಸಿದರೂ ಅವನು ಏಳಲಿಲ್ಲ. ಮುಗಿಸಿ ಎದ್ದವನು ಚೊಂಬಿನಲ್ಲಿ ಉಳಿದಿದ್ದ ನೀರು ನೋಡಿಕೊಂಡು, ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಹತ್ತಿರ ಹೋದ. ಯಾರೂ ಹೇಳಿಕೊಡದೆ ಅವರ ಚಪ್ಪಲಿ ಬಿಚ್ಚಿ ಕಾಲು ತೊಳೆದ. ಮೇಡಂ ಕೆಂಪು ಬೆರಳುಗಳಿಂದ ಕುರ್ಚಿಯ ಕೈ ಹಿಡಿದುಕೊಂಡು, "ಸೀರೆ ಒದ್ದೆ ಆಯ್ತಲ್ಲೋ ದಡ್ಡ" ಅಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಿವೃತ್ತರಾದ ಮೇಲೆ ಮೇಡಂ ಹಳೆಯ ಮೈಕ್ರೋಸ್ಕೋಪು ಕೊಂಡು ಮನೆಯಲ್ಲೇ ಇಟ್ಟುಕೊಂಡರು. ಬೀದಿಯ ಮಕ್ಕಳಿಗೆ ಈರುಳ್ಳಿ ಬೇರು ತೋರಿಸುವುದು, ಮಂಜ ಲೋಟ ತೊಳೆಯುವುದು ನಿಲ್ಲಲಿಲ್ಲ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನಾನು ಹೆದರಿ ಫೋನು ಮಾಡಿದರೆ, "ಹೆದರು. ಎಲ್ಲಾ ತಾಯಂದಿರೂ ಹೆದರ್ತಾರೆ. ಊಟ ಮಾಡಿ ಹೆದರು" ಅಂದರು. ಯಾರೂ ಹೇಳದ ಆ ಮಾತಿನಿಂದಲೇ ನನಗೆ ನಿದ್ದೆ ಬಂದದ್ದು. ಹೋದ ಚಳಿಗಾಲದಲ್ಲಿ ಎದೆನೋವೆಂದು ಹಾಸನದ ಆಸ್ಪತ್ರೆಗೆ ಸೇರಿದವರು ಜೀವಂತ ಮನೆಗೆ ಬರಲಿಲ್ಲ. ಸುದ್ದಿ ತಿಳಿದು ನಾನೂ ಅತ್ತೆಯೂ ಅರಕಲಗೂಡಿನಿಂದ ಓಡಿ ಬಂದೆವು.

ಮೇಡಂ ಅವರನ್ನು ಅವರ ಮನೆಯ ಜಗುಲಿಯ ಮೇಲೆ ಮಲಗಿಸಿದ್ದರು. ಮೈಸೂರಿನಿಂದ ಬಂದಿದ್ದ ಅವರ ಅಣ್ಣನ ಮಗ ಕರ್ಮಕ್ಕೆ ಕೂತಿದ್ದ. ಮಂಜ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಮೇಡಂ ಕಾಲ ಬಳಿ ಕೂತ. ಶಾಸ್ತ್ರ ಮಾಡಿಸುತ್ತಿದ್ದ ಹಿರಿಯರೊಬ್ಬರು, "ಯಾರಪ್ಪ ಅದು, ಆ ಹುಡುಗನ್ನ ಆಚೆ ಕರ್ಕೊಳಿ" ಅಂದರು.

"ತೊಳೀಲಿ ಬುಡಿ" ಅಂದರು ನಮ್ಮಪ್ಪ. ಕೋಲೂರಿಕೊಂಡು ಮುಂದೆ ಬಂದು ಮಂಜನ ಪಕ್ಕ ನಿಂತರು. "ಅವ್ನು ನನ್ ಮಗ. ಅದು ಅವನ್ ಕೆಲ್ಸ."

ಮಂಜ ಎರಡೂ ಕಾಲು ತೊಳೆದು ಪಂಚೆಯ ಚುಂಗಿನಿಂದ ಒರೆಸಿದ. ಆಮೇಲೆ ಬಲಗೈ ಎತ್ತಿಕೊಂಡು ಕೆಂಪು ಬೆರಳ ತುದಿಗಳನ್ನು ಒಂದೊಂದಾಗಿ ಉಜ್ಜತೊಡಗಿದ. ಉಜ್ಜಿದ, ನೀರು ಹಾಕಿದ, ಮತ್ತೆ ಉಜ್ಜಿದ. ಎಲ್ಲರೂ ಕಾಯುತ್ತಿದ್ದರು. ಕೊನೆಗೆ ನನ್ನ ಕಡೆ ತಲೆ ಎತ್ತಿ, "ಓಯ್ತಾ ಇಲ್ಲ ಅಕ್ಕ" ಅಂದ.

"ಬುಡು ಮಂಜ, ಇರ್ಲಿ" ಅಂದೆ.